ಮಗಳಿಗೊಂದು ಪತ್ರ: ಆ ಹಳೇ ಗಡಿಯಾರದ ವಿಷಯ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು, "ಓದೋಕೆ ಮನಸ್ಸೇ ಬರ್ತಿಲ್ಲ ಅಪ್ಪಾ, ನಾನು ಸೋಮಾರಿ ಆಗ್ಬಿಟ್ಟಿದ್ದೀನಿ" ಅಂದೆ. "ಎಲ್ಲಾ ಸರಿಹೋಗುತ್ತೆ ಬಿಡು" ಅಂತ ನಾನು ಮಾತು ಮುಗಿಸಿದೆ. ಫೋನ್ ಇಟ್ಟ ಮೇಲೆ ನಿನ್ನ ಮಾತು ಕಿವಿಯಲ್ಲೇ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಪೂರ್ತಿ ಓದು.

ಮೊದಲು ಒಂದು ವಿಷಯ. ನಿದ್ದೆ ಸರಿಯಾಗಿ ಬರುತ್ತಿದೆಯಾ? ಊಟ ಸೇರುತ್ತಿದೆಯಾ? ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡ ಅನ್ನಿಸಿ ಎರಡು ವಾರ ದಾಟಿದ್ದರೆ, ಈ ಪತ್ರವನ್ನು ಪಕ್ಕಕ್ಕಿಟ್ಟು ನನಗೆ ಫೋನ್ ಮಾಡು. ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ. ಹಾಗೇನಿಲ್ಲ ಅಂದರೆ ಮುಂದೆ ಓದು.

ನಿನಗೆ ಏಳು ವರ್ಷವಿದ್ದಾಗ ನೀನು ಕೆಟ್ಟುಹೋದ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದೆ, ನೆನಪಿದೆಯಾ? ಚಕ್ರಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಿದ್ದೆ. ಊಟಕ್ಕೆ ಕರೆದರೂ ಏಳಲಿಲ್ಲ. ಆಮೇಲೆ ಟಾರ್ಚು, ರೇಡಿಯೊ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ಒಂದು ವಸ್ತು ಸರಿಮಾಡಿದರೆ ಒಂದು ಸ್ಟಾರ್, ಹತ್ತು ಸ್ಟಾರ್ ಆದರೆ ಉಡುಗೊರೆ. ಕೆಲವೇ ತಿಂಗಳಲ್ಲಿ ನೀನು ಬಿಚ್ಚುವ ಮೊದಲೇ "ಇದಕ್ಕೆ ಎಷ್ಟು ಸ್ಟಾರ್?" ಅಂತ ಕೇಳತೊಡಗಿದೆ. ಪಟ್ಟಿ ತೆಗೆದ ಮೇಲೆ ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ವಯಸ್ಸಿನ ಜೊತೆ ಆಸಕ್ತಿ ಬದಲಾಯಿತು ಅಂದುಕೊಂಡು ಸುಮ್ಮನಾದೆ. ಇತ್ತೀಚೆಗೆ ಮನಶ್ಶಾಸ್ತ್ರ ಓದತೊಡಗಿದ ಮೇಲೆ ಹಾಗೆ ಸುಮ್ಮನಿರಲು ಆಗುತ್ತಿಲ್ಲ.

ಮನುಷ್ಯ ಯಾಕೆ ಏನನ್ನಾದರೂ ಮಾಡುತ್ತಾನೆ ಅನ್ನುವುದಕ್ಕೆ ಹಿಂದೆ ಸರಳ ಉತ್ತರಗಳಿದ್ದವು. ಹಸಿವು, ಬಾಯಾರಿಕೆಯಂಥ ಕೊರತೆ ಒಳಗಿನಿಂದ ತಳ್ಳುತ್ತದೆ, ಅದನ್ನು ನೀಗಿಸಿಕೊಳ್ಳಲು ನಾವು ಓಡಾಡುತ್ತೇವೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಲಾರ್ಕ್ ಹಲ್ 1943ರಲ್ಲಿ ಬರೆದರು. ಫಲ ಸಿಕ್ಕಿದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತೇವೆ ಅಂತ ಬಿ.ಎಫ್. ಸ್ಕಿನ್ನರ್ ತೋರಿಸಿದರು. ಮನುಷ್ಯನ ಅಗತ್ಯಗಳ ಬಗ್ಗೆ ಅದೇ 1943ರಲ್ಲಿ ಬಂದ ಮ್ಯಾಸ್ಲೋ ಅವರ ಲೇಖನ ನಿನಗೆ, ಅಗತ್ಯಗಳನ್ನು ಒಂದರ ಮೇಲೊಂದು ಜೋಡಿಸಿದ ಪಿರಮಿಡ್ ಚಿತ್ರವಾಗಿ ಗೊತ್ತಿರುತ್ತದೆ. ಆ ಲೇಖನದಲ್ಲಿ ಪಿರಮಿಡ್ಡೇ ಇಲ್ಲ. ಅಗತ್ಯಗಳ ಕ್ರಮ ಎಲ್ಲರಲ್ಲೂ ಒಂದೇ ಥರ ಇರಬೇಕಾಗಿಲ್ಲ ಅಂತಲೂ ಅವರೇ ಬರೆದಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಂಗಗಳ ಕಥೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೋ ಮಂಗಗಳ ಪಂಜರದಲ್ಲಿ ಕೊಕ್ಕೆ, ಚಿಲಕಗಳ ಒಂದು ಒಗಟು ಇಟ್ಟರು. ಅವು ಹಸಿದಿರಲಿಲ್ಲ. ಬಿಚ್ಚಿದರೆ ತಿನ್ನಲು ಏನೂ ಸಿಗುತ್ತಿರಲಿಲ್ಲ. ಆದರೂ ಅವು ಬಿಚ್ಚುತ್ತಲೇ ಇದ್ದವು, ಬಿಚ್ಚುತ್ತಾ ಚುರುಕಾದವು. ತಿನಿಸು ಸೇರಿಸಿದಾಗ ತಪ್ಪುಗಳು ಜಾಸ್ತಿಯಾದವು. 1950ರಲ್ಲಿ ಇದು ಪ್ರಕಟವಾಯಿತು. ಓದುವಾಗ ನೆಲದ ಮೇಲಿನ ಆ ಚಕ್ರಗಳ ಸಾಲು ಕಣ್ಣೆದುರು ಬಂತು.

ನಂತರ ಎಡ್ವರ್ಡ್ ಡೆಸಿ ಕಾಲೇಜು ವಿದ್ಯಾರ್ಥಿಗಳಿಗೆ ಸೋಮಾ ಘನ ಅನ್ನುವ ಮರದ ತುಂಡುಗಳ ಒಗಟು ಕೊಟ್ಟರು. ಕೆಲವರಿಗೆ ಒಂದು ಸುತ್ತಿನಲ್ಲಿ ಮಾತ್ರ, ಬಿಡಿಸಿದ ಪ್ರತಿ ಒಗಟಿಗೂ ಒಂದು ಡಾಲರ್. ಮಧ್ಯೆ ಪ್ರಯೋಗ ನಡೆಸುವವರು ಏನೋ ನೆಪ ಹೇಳಿ ಹೊರಗೆ ಹೋಗುತ್ತಿದ್ದರು. ಯಾರೂ ನೋಡುತ್ತಿಲ್ಲ ಅಂದುಕೊಂಡಾಗ ವಿದ್ಯಾರ್ಥಿಗಳು ಏನು ಮಾಡುತ್ತಾರೆ ಅನ್ನುವುದೇ ನಿಜವಾದ ಪರೀಕ್ಷೆ. ದುಡ್ಡು ನಿಂತ ಮೇಲೆ, ದುಡ್ಡು ಪಡೆದವರು ಆ ಬಿಡುವಿನಲ್ಲಿ ಒಗಟು ಕೈಗೆತ್ತಿಕೊಳ್ಳುವುದು ಕಡಿಮೆಯಾಯಿತು. ಇದು ಪ್ರಕಟವಾದದ್ದು 1971ರಲ್ಲಿ.

ಎರಡು ವರ್ಷದ ಮೇಲೆ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು, ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವು ಮಕ್ಕಳಿಗೆ ಚಿತ್ರ ಬರೆದರೆ ಬಹುಮಾನ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಆಸಕ್ತಿ ಕುಗ್ಗಿದ್ದು ಮೊದಲನೇ ಗುಂಪಿನ ಮಕ್ಕಳಲ್ಲಿ ಮಾತ್ರ. ಹೇಳದೇ ಕೊಟ್ಟ ಬಹುಮಾನ ಏನೂ ಕೆಡಿಸಿರಲಿಲ್ಲ. ಅಂದರೆ ನಿನಗೆ ಉಡುಗೊರೆ ತಂದದ್ದರಲ್ಲಿ ತಪ್ಪಿರಲಿಲ್ಲ. ಗೋಡೆಗೆ ಅಂಟಿಸಿದ ಆ ಕರಾರು ಕೆಲಸ ಕೆಡಿಸಿತು. ನಿನ್ನ ಆಟವನ್ನು ನಾನು ಕೂಲಿ ಮಾಡಿಬಿಟ್ಟೆ. ಕ್ಷಮಿಸು ಮಗಳೇ.

ಬಹುಮಾನವೇ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಈ ಬಗ್ಗೆ ಸಂಶೋಧಕರು ವರ್ಷಗಟ್ಟಲೆ ವಾದ ಮಾಡಿದ್ದಾರೆ. ಮೊದಲಿನಿಂದಲೂ ಬೇಸರ ತರಿಸುವ ಕೆಲಸಕ್ಕೆ ಬಹುಮಾನವಿಟ್ಟರೆ ಕೆಡಲು ಅಲ್ಲಿ ಆಸಕ್ತಿಯೇ ಇರುವುದಿಲ್ಲ ಅಲ್ವಾ?

ಈಗ ನಿನ್ನ ಓದಿನ ವಿಷಯ. ಡೆಸಿ ಮತ್ತು ರಿಚರ್ಡ್ ರಯಾನ್ 1985ರಲ್ಲಿ ಇದನ್ನೆಲ್ಲ ಸೇರಿಸಿ ಒಂದು ಪುಸ್ತಕ ತಂದರು. ಅವರ ಸಿದ್ಧಾಂತದಲ್ಲಿ ಮನಸ್ಸಿಗೆ ಮೂರು ಬೇಕು: ಇದನ್ನು ನಾನೇ ಆರಿಸಿಕೊಂಡೆ ಅನ್ನಿಸಬೇಕು, ಇದು ನನ್ನ ಕೈಲಾಗುತ್ತಿದೆ ಅನ್ನಿಸಬೇಕು, ನನ್ನವರು ಜೊತೆಗಿದ್ದಾರೆ ಅನ್ನಿಸಬೇಕು. ಹುಮ್ಮಸ್ಸು ಎಷ್ಟಿದೆ ಅನ್ನುವುದಕ್ಕಿಂತ ಅದು ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಅವರು ಹೆಚ್ಚು ನೋಡುತ್ತಾರೆ. ಬಹುಮಾನಕ್ಕೋ ಶಿಕ್ಷೆಗೋ ಮಾಡುವುದು ಒಂದು ಥರ. ಅದಕ್ಕೆ ಅರ್ಥವಿದೆ ಅಂತ ಒಪ್ಪಿಕೊಂಡು, ಇಷ್ಟವಿಲ್ಲದಿದ್ದರೂ ಮಾಡುವುದು ಇನ್ನೊಂದು ಥರ. ಇವೆರಡರ ನಡುವೆ ಇನ್ನೂ ಒಂದಿದೆ. ಹೊರಗೆ ಯಾರೂ ಕೋಲು ಹಿಡಿದಿರುವುದಿಲ್ಲ, ಆದರೆ ಆ ಕೋಲು ಒಳಗೆ ಬಂದು ಕೂತಿರುತ್ತದೆ. ಮಾಡದಿದ್ದರೆ ನಾಚಿಕೆ, ತಪ್ಪು ಮಾಡಿದ ಭಾವನೆ. ಮೇಲ್ನೋಟಕ್ಕೆ ತುಂಬಾ ಶ್ರದ್ಧೆಯಂತೆ ಕಾಣುತ್ತದೆ. ಒಳಗೊಳಗೇ ಮನುಷ್ಯ ದಣಿದುಹೋಗುತ್ತಾನೆ.

ಇದನ್ನು ಓದಿದಾಗ ಓದು ಅಲ್ಲೇ ನಿಲ್ಲಿಸಿ ತುಂಬಾ ಹೊತ್ತು ಕೂತೆ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ನೀನು "ಅಪ್ಪನಿಗೆ ಬೇಜಾರಾಗಬಾರದು" ಅನ್ನುತ್ತಿದ್ದೆ. ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿ ಇತ್ತು ನಿಜ. ಅದರ ಜೊತೆಗೆ ಹೆದರಿಕೆಯೂ ಇತ್ತು. ನನಗದು ಕಾಣಲಿಲ್ಲ. ಅಷ್ಟು ವರ್ಷ ಆ ಭಾರ ಹೊತ್ತವಳು ಈಗ ಮನಸ್ಸೇ ಬರ್ತಿಲ್ಲ ಅಂದರೆ, ಅದನ್ನು ಸೋಮಾರಿತನ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ. ಯೋಚನೆ ಮಾಡಿ ಹೇಳು, ಅವಸರವಿಲ್ಲ. ಈ ಕೋರ್ಸ್ ಆರಿಸಿದ್ದು ನೀನಾ, ನಾನಾ? ಅವತ್ತು ನಾವಿಬ್ಬರೂ ಫಾರ್ಮ್ ತುಂಬಿದ್ದು ನೆನಪಿದೆ. ನಾನೇ ಜಾಸ್ತಿ ಮಾತಾಡಿದ್ದೆ ಅನ್ನುವುದೂ ನೆನಪಿದೆ. "ಅಪ್ಪಾ, ನೀವೇ" ಅಂತ ನೀನು ಬರೆದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಅದರಲ್ಲಿ ನಿನಗೆ ಹಿಡಿಸುವ ಒಂದೆರಡು ವಿಷಯಗಳಾದರೂ ಇವೆಯಾ, ಅಥವಾ ಪೂರ್ತಿ ಬದಲಾಯಿಸಬೇಕಾ, ಅಂತ ರಜೆಗೆ ಬಂದಾಗ ಕೂತು ನೋಡೋಣ. ಈ ಸಲ ನೀನು ಮಾತಾಡು, ನಾನು ಕೇಳುತ್ತೇನೆ.

ನಿನ್ನ
ಅಪ್ಪ