ಜಾಮೀನು ಸಿಕ್ಕಿದ ಮೇಲಿನ ಕೆಲಸ

ಪುಟ್ಟೀ,

ಸೋಮವಾರ ನೀನು ಕೆಲಸಕ್ಕೆ ಸೇರುತ್ತೀಯ. ಫೋನಿನಲ್ಲಿ ಮಾತಾಡಿದರೆ ಮತ್ತೆ ಜಗಳ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕಂಪನಿ ಕೆಲಸ ಬಿಟ್ಟು ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಆಗುತ್ತೇನೆ, ವಕೀಲರನ್ನು ಇಡಲಾಗದ ಆರೋಪಿಗಳ ಪರ ವಾದಿಸುತ್ತೇನೆ ಅಂದಾಗ ನಾನು ಏನಂದೆ ಅನ್ನೋದು ಇಬ್ಬರಿಗೂ ಗೊತ್ತು. ಕ್ಷಮೆ ಕೇಳಿ ಅಂತ ನಿಮ್ಮಮ್ಮ ಬೆನ್ನು ಹತ್ತಿದ್ದಾಳೆ. ಕೇಳಿದ್ದೇನೆ ಅಂತಲೇ ಇಟ್ಟುಕೋ. ಆದರೂ ಗುತ್ತಿಗೆ ಕೆಲಸ, ಹೊರಗೆ ಪ್ರಾಕ್ಟೀಸ್ ಮಾಡುವಂತಿಲ್ಲ ಅಂದರೆ ಅಪ್ಪನಿಗೆ ಚಿಂತೆ ಆಗಲ್ವಾ?

ಸಂಬಳದ ವಿಷಯ ಬಿಡು. ನನ್ನ ತಲೆಯಲ್ಲಿ ಕೂತಿರುವುದು ಬೇರೆ. ನಾನು ಬೆಂಚ್ ಕ್ಲರ್ಕ್ ಆಗಿದ್ದಾಗ ಕೋರ್ಟಿಗೆ ಒಬ್ಬ ಹೆಂಗಸು ಬರುತ್ತಿದ್ದಳು. ಕೂಲಿಯವಳು. ಮಗ ಪಂಪ್‌ಸೆಟ್ ಮೋಟರ್ ಕದ್ದ ಕೇಸಿನಲ್ಲಿ ಒಳಗಿದ್ದ. ಜಾಮೀನು ಆಗಿತ್ತು. ಆರ್ಡರ್ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಬಂದವಳೇ ಅದನ್ನು ಬಿಚ್ಚಿ ನನ್ನ ಮೇಜಿನ ಮೇಲೆ ಹರವಿ, "ಜಾಮೀನು ಆಗೈತಲ್ಲ ಸ್ವಾಮಿ, ಮತ್ಯಾಕೆ ಬಿಡಂಗಿಲ್ಲ?" ಅನ್ನುವಳು. ಶ್ಯೂರಿಟಿಗೆ, ಅಂದರೆ ಹುಡುಗ ಕೋರ್ಟಿಗೆ ಬರುತ್ತಾನೆ ಅಂತ ಹೊಣೆ ನಿಲ್ಲೋದಕ್ಕೆ, ಪಹಣಿ ಇರುವವರನ್ನು ಕರೆದುಕೊಂಡು ಬಾಮ್ಮ ಅಂತ ನಾನು ಹೇಳುವುದು. ಅವಳು ಮತ್ತೆ ಒಬ್ಬಳೇ ಬರುವುದು. ಪಹಣಿ ಇದ್ದವರು ಯಾರೂ ಅವಳ ಜೊತೆ ಬಸ್ ಹತ್ತಲಿಲ್ಲ. ಕೋರ್ಟಿನ ಕಾಂಪೌಂಡಿನಲ್ಲೇ ದುಡ್ಡು ತಗೊಂಡು ಶ್ಯೂರಿಟಿ ನಿಲ್ಲುವವರಿದ್ದರು. ಅಷ್ಟು ದುಡ್ಡು ಅವಳ ಹತ್ತಿರ ಎಲ್ಲಿಂದ ಬರಬೇಕು? ಮಡಚಿ ಮಡಚಿ ಆ ಆರ್ಡರು ನಡುವೆ ಹರಿದಿತ್ತು.

ಕೊನೆಗೆ ಯಾರೋ ದಾರಿ ಹೇಳಿಕೊಟ್ಟರು. ತಪ್ಪು ಒಪ್ಪಿಕೊಂಡರೆ ಜೈಲಲ್ಲಿ ಕಳೆದ ದಿನಗಳನ್ನೇ ಶಿಕ್ಷೆ ಅಂತ ಲೆಕ್ಕ ಹಿಡಿಯುತ್ತಾರೆ, ಸಂಜೆಗೇ ಮನೆ. ಹುಡುಗ ಒಪ್ಪಿಕೊಂಡ. ಕದ್ದಿದ್ದನೋ ಇಲ್ಲವೋ, ಒಬ್ಬ ಸಾಕ್ಷಿಯೂ ಕಟಕಟೆ ಹತ್ತಲಿಲ್ಲ. ಹೋಗುವಾಗ ಅವಳು ನನಗೂ ಕೈ ಮುಗಿದಳು. ಮಗ ಹೊರಗೆ ಬಂದ, ಅಷ್ಟೇ ಅವಳಿಗೆ ಬೇಕಾಗಿದ್ದು. ಇನ್ನು ಊರಲ್ಲಿ ಏನು ಕಳುವಾದರೂ ಪೊಲೀಸರು ಮೊದಲು ತಟ್ಟುವುದು ಅವಳ ಬಾಗಿಲನ್ನೇ ಅಂತ ಯಾರು ಹೇಳಬೇಕು?

ಬಡವರ ಜಾಮೀನಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಮೋತಿರಾಮ್ ತೀರ್ಪು ಅಷ್ಟು ಹೊತ್ತಿಗೆ ಹಳೆಯದಾಗಿತ್ತು. ಗಾರೆ ಕೆಲಸದವನಿಗೆ 10,000 ರೂಪಾಯಿ ಶ್ಯೂರಿಟಿ ಕೇಳಿ, ಒಡಹುಟ್ಟಿದವನು ಬಂದರೆ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಬೇಡ ಅಂದಿದ್ದರು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು 1,000 ರೂಪಾಯಿಗೆ ಅವನದೇ ಬಾಂಡ್, ಅಂದರೆ ಅವನೇ ಬರೆದುಕೊಡುವ ಮುಚ್ಚಳಿಕೆ ಮೇಲೆ ಬಿಡಿ ಅಂದರು. ನಮ್ಮ ಕೋರ್ಟಿನಲ್ಲಿ ಆ ಹುಡುಗನ ಪರವಾಗಿ ಅದನ್ನು ಯಾರೂ ಎತ್ತಲೇ ಇಲ್ಲ.

ಅದಕ್ಕೇ ಹೇಳುತ್ತೇನೆ, ಜಾಮೀನು ಆರ್ಡರ್ ಆದ ದಿನ ಫೈಲ್ ಕಟ್ಟಿಡಬೇಡ. ಶ್ಯೂರಿಟಿ ಯಾರು ಅಂತ ಅವತ್ತೇ ಕೇಳು. ಇಲ್ಲ ಅಂದರೆ ಷರತ್ತು ಸಡಿಲಿಸಲು ಅರ್ಜಿ ಹಾಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಸರಿ. ಆದರೆ ಆ ಕಾಗದ ಬರಲಿ ಅಂತ ಕಾಯಬೇಡ, ನೀನೇ ಜೈಲಿಗೆ ಹೋಗು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ನೋಡು: ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಾಂಡ್ ಮೇಲೆ ಬಿಡಬೇಕು. ಗಲ್ಲು, ಜೀವಾವಧಿ ಶಿಕ್ಷೆಯ ಕೇಸಿಗೆ ಅದು ಬರಲ್ಲ, ಬೇರೆ ಕೇಸುಗಳಿದ್ದರೂ ಕಷ್ಟ. ನಿನಗೆ ಇದೆಲ್ಲ ಗೊತ್ತು. ಆದರೂ ಕೇಳಿಸಿಕೋ.

ಫೈಲು ಜಾಸ್ತಿ ಆದಾಗ, ತಾಯಂದಿರು ದಿನಾ ಬಂದು ಅಳುವಾಗ, "ಒಪ್ಪಿಕೊಂಡುಬಿಡಪ್ಪ" ಅನ್ನೋದು ಬಹಳ ಸುಲಭ. ಅದನ್ನು ನೀನೂ ಹೇಳುವ ದಿನ ಬರಬಹುದು ಅನ್ನೋದೇ ನನ್ನ ಹೆದರಿಕೆ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಹಾಗೆ ಹೇಳಿದವರೂ ಒಳ್ಳೆಯವರೇ ಆಗಿದ್ದರು.

ಪಕ್ಕದ ಮನೆಯವರಿಗೆಲ್ಲ ಮಗಳು ಸರ್ಕಾರಿ ವಕೀಲೆ ಅಂತ ಹೇಳಿಟ್ಟಿದ್ದೇನೆ. ಸರ್ಕಾರದ ಎದುರು ನಿಲ್ಲುವವಳು ನೀನು, ಅದು ನನಗೂ ಗೊತ್ತು. ಅವರಿಗೆ ಅಷ್ಟು ಬಿಡಿಸಿ ಹೇಳುವ ತಾಳ್ಮೆ ನನಗಿಲ್ಲ. ನೀನೇ ಬಂದಾಗ ಹೇಳು.

ಭಾನುವಾರ ಫೋನ್ ಮಾಡು. ಅಮ್ಮ ಊಟ ಆಯ್ತಾ ಅಂತ ಕೇಳುತ್ತಾಳೆ, ನಾನು ಜೈಲಿಗೆ ಹೋಗಿದ್ದೆಯಾ ಅಂತ ಕೇಳುತ್ತೇನೆ.

ನಿನ್ನ ಅಪ್ಪ