ಅಮ್ಮನ ಕಾರ್ಡು ವಾಪಸ್ ಕೊಡಿಸಿದವರಿಗೆ

ಅಮ್ಮ ಆಪರೇಷನ್ ಮುಗಿಸಿಕೊಂಡು ನಿನ್ನೆ ಮನೆಗೆ ಬಂದರು. ಜಗಲಿ ಮೇಲೆ ಕೂತು ಒಂದು ಲೋಟ ಗಂಜಿ ಕುಡಿದರು. ಇದಕ್ಕೆ ಕಾರಣರಾದವರನ್ನು ನೆನೆಯದೆ ನನಗೆ ಇವತ್ತು ಬೇರೆ ಕೆಲಸ ಸಾಗುತ್ತಿಲ್ಲ.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾದವಲ್ಲ, ಆಗ ನಮ್ಮದೂ ಹೋಯಿತು. ನೋಟಿಸು ಬಂದಿರಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಮ್ಮ ಹೆಬ್ಬೆಟ್ಟು ಒತ್ತಿದಾಗಲೇ ಗೊತ್ತಾಗಿದ್ದು. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡು ವಾಪಸ್ ಕೊಡುತ್ತೇವೆ ಅಂತ ಸರ್ಕಾರ ಹೇಳಿತು. ನಮ್ಮ ಬೀದಿಯಲ್ಲಿ ಕೆಲವರದ್ದು ಬಂತು. ನಮ್ಮದು ಬರಲಿಲ್ಲ. ನಾನು ಹೊಲಿಗೆ ಮೆಷಿನ್ ಸಾಲಕ್ಕೆ ಬೇಕು ಅಂತ ಒಂದು ವರ್ಷ ರಿಟರ್ನ್ಸ್ ಹಾಕಿಸಿದ್ದೆ. ಕಟ್ಟಿದ ತೆರಿಗೆ ಸೊನ್ನೆ. ಆದರೂ ಕಂಪ್ಯೂಟರ್‌ನಲ್ಲಿ ನಮ್ಮದು ತೆರಿಗೆ ಕಟ್ಟುವ ಮನೆ!

ಅದೇ ಹೊತ್ತಿಗೆ ಅಮ್ಮನ ಹೃದಯದ ವಾಲ್ವ್ ಬದಲಿಸಬೇಕು ಅಂದರು ಡಾಕ್ಟರು. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಖರ್ಚಿನ ಶೇ. 30 ಮಾತ್ರ. ಉಳಿದ ಶೇ. 70 ನಾವು ಎಲ್ಲಿಂದ ತರೋದು? ಅಕ್ಕಿಗಿಂತ ಜಾಸ್ತಿ ನಮ್ಮನ್ನು ಹೆದರಿಸಿದ್ದು ಇದೇ. ಆಫೀಸಿಂದ ಆಫೀಸಿಗೆ ಅಲೆದೆ. ಎಲ್ಲ ಕಡೆಯೂ ‘ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ’ ಅನ್ನೋ ಒಂದೇ ಮಾತು.

ಪಕ್ಕದ ಬೀದಿಯ ಆಶಾ ಅಕ್ಕ ಒಂದು ದಿನ ನನ್ನ ಕೈ ಹಿಡಿದು ಕೋರ್ಟಿನ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಕರೆದುಕೊಂಡು ಹೋದರು. ‘ಫೀಸು ಎಷ್ಟಾಗುತ್ತೆ ಮೇಡಂ?’ ಅಂತ ಮೊದಲು ಅದನ್ನೇ ಕೇಳಿದೆ. ‘ಏನೂ ಇಲ್ಲಮ್ಮ. 1987ರಲ್ಲೇ ಕಾಯ್ದೆ ಆಗಿದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವು ಸಿಗುತ್ತೆ’ ಅಂದರು ವಕೀಲರು. ಅಷ್ಟು ದಿನದಲ್ಲಿ ನನ್ನನ್ನು ಕುರ್ಚಿ ಮೇಲೆ ಕೂರಿಸಿ ಮಾತಾಡಿಸಿದವರು ಅವರೊಬ್ಬರೇ.

ರಿಟರ್ನ್ಸ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಇಡೀ ಅರ್ಜಿ ನಿಂತಿದ್ದು ಇದರ ಮೇಲೆ. ಸೊನ್ನೆ ತೆರಿಗೆಯ ರಸೀದಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿ ಎಲ್ಲ ಜೋಡಿಸಿದರು. ರದ್ದು ಮಾಡಿದ ಕಾರಣ ಬರಹದಲ್ಲಿ ಕೊಡಿ ಅಂತಲೂ ಕೇಳಿದರು. ಬರೆದಿದ್ದನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದ ಮೇಲೆಯೇ ಸಹಿ ಹಾಕಿಸಿಕೊಂಡರು. ಆಫೀಸಿಗೂ ಎರಡು ಸಲ ಜೊತೆಗೆ ಬಂದರು. ಕಾರ್ಡು ವಾಪಸ್ ಬಂತು. ಆಪರೇಷನ್ ಆಯಿತು.

ವಕೀಲರಮ್ಮ, ಆಶಾ ಅಕ್ಕ, ನಿಮ್ಮಿಬ್ಬರ ಋಣ ನನ್ನ ಮೇಲಿದೆ. ಕಾರ್ಡು ಇಲ್ಲದ ತಿಂಗಳುಗಳಲ್ಲಿ ತಮ್ಮ ಮನೆಯ ಅಕ್ಕಿಯನ್ನು ಅಳೆದು ಕೊಟ್ಟ ರೇಷನ್ ಅಂಗಡಿ ಅಣ್ಣನಿಗೂ ನಮಸ್ಕಾರ. ಕಡತ ಮತ್ತೆ ತೆರೆದು ನೋಡಿದ ಆ ಗುಮಾಸ್ತರಿಗೂ.

ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ಸುಮ್ನೆ ಕೂರಬೇಡಿ. 15100ಕ್ಕೆ ಫೋನ್ ಮಾಡಿ. ಅದು ಕಾನೂನು ನೆರವಿನ ಸಹಾಯವಾಣಿ.

ಅಮ್ಮ ಬೆಳಿಗ್ಗೆಯಿಂದ ಒಂದೇ ಮಾತು ಹೇಳ್ತಿದ್ದಾರೆ: ‘ವಕೀಲರಮ್ಮಂಗೆ ನೀನೇ ಒಂದು ರವಿಕೆ ಹೊಲಿದು ಕೊಡು.’ ಅವರು ಏನೂ ತಗೊಳ್ಳಲ್ಲ ಅಂದರೆ ಅಮ್ಮ ಕೇಳುತ್ತಿಲ್ಲ. ಒಂದು ದಿನ ಮನೆಗೆ ಊಟಕ್ಕಾದರೂ ಬನ್ನಿ ಮೇಡಂ.