ಭಾರತದ ಹಾಳೆ ಎಂದು ಹೇಳಿ ಅಮೆರಿಕದ ಸುರಕ್ಷತಾ ಹಾಳೆ ಕಳುಹಿಸಿದ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಪಾಲಿಯೆಸ್ಟರ್ ರೆಸಿನ್‌ನ ಸುರಕ್ಷತಾ ಮಾಹಿತಿ ಹಾಳೆ (ಎಸ್‌ಡಿಎಸ್)

ಮಾನ್ಯರೇ,

ಮಲ್ಪೆ ಬಂದರಿನ ಸಮೀಪ ಫೈಬರ್ ದೋಣಿಗಳನ್ನು ಕಟ್ಟುವ ಮತ್ತು ದುರಸ್ತಿ ಮಾಡುವ ನಮ್ಮ ಕಾರ್ಖಾನೆಗೆ ರೆಸಿನ್, ಅದು ಬೇಗ ಗಟ್ಟಿಯಾಗಲು ಬೆರೆಸುವ ಕೋಬಾಲ್ಟ್ ಹಾಗೂ ಅದನ್ನು ಗಟ್ಟಿಯಾಗಿಸುವ ಎಂಇಕೆಪಿ ಹಾರ್ಡನರ್ ಪೂರೈಸುತ್ತಿರುವವರು ತಾವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ದೋಣಿಗಳು ದಡ ಸೇರುತ್ತವೆ, ನಮಗೆ ಕೈತುಂಬ ಕೆಲಸ. ಮಳೆಯ ಇರಚಲಿಗೆ ಶೆಡ್ಡಿನ ಬದಿಗಳನ್ನು ಟಾರ್ಪಾಲಿನಿಂದ ಮುಚ್ಚಿಯೇ ಫೈಬರ್ ಹಾಕಬೇಕಾಗುವುದರಿಂದ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ರಾಸಾಯನಿಕದ ಆವಿ ಒಳಗೇ ನಿಲ್ಲುತ್ತದೆ. ಆದ್ದರಿಂದಲೇ ಹೊಸ ದರ್ಜೆಯ ರೆಸಿನ್ ಬಂದ ಕೂಡಲೇ ಅದರ ಹಾಳೆ ಕೇಳಿದ್ದೆ.

‘ಭಾರತದ ಆವೃತ್ತಿ ಲಗತ್ತಿಸಿದೆ’ ಎಂಬ ಇಮೇಲಿನೊಂದಿಗೆ ಬಂದದ್ದು ಅಮೆರಿಕದ ಹಾಳೆ. ತುರ್ತು ದೂರವಾಣಿ ಅಲ್ಲಿನ ಟೋಲ್‌ಫ್ರೀ ಸಂಖ್ಯೆ. ಇಲ್ಲಿಂದ ಅದಕ್ಕೆ ಕರೆಯೇ ಹೋಗುವುದಿಲ್ಲ. ದಾಸ್ತಾನಿನ ಉಷ್ಣಾಂಶ ಫ್ಯಾರನ್‌ಹೀಟ್‌ನಲ್ಲಿದೆ. 15ನೇ ವಿಭಾಗದಲ್ಲಿ ಕ್ಯಾಲಿಫೋರ್ನಿಯಾದ ಕಾನೂನು ವಿವರವಾಗಿದೆ, ಉಡುಪಿ ಜಿಲ್ಲೆಗೆ ಅದು ಯಾವಾಗ ಅನ್ವಯವಾಯಿತೆಂದು ದಯವಿಟ್ಟು ತಿಳಿಸಬೇಕು. ಇದೆಲ್ಲಕ್ಕಿಂತ ಗಂಭೀರವಾದುದು 8ನೇ ವಿಭಾಗ. ಅಲ್ಲಿ ಕೆಲಸದ ಜಾಗದ ಗಾಳಿಯಲ್ಲಿರಬಹುದಾದ ಸ್ಟೈರೀನ್‌ಗೆ 8 ಗಂಟೆಗಳ ಸರಾಸರಿ ಮಿತಿ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ಎಂದಿದೆ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದ್ದದ್ದು 50. ತಮ್ಮ ಹಾಳೆಯನ್ನು ನಂಬಿ ನಡೆದರೆ ನಮ್ಮ ಕೆಲಸಗಾರರು ಆ ಮಿತಿಯ ಎರಡು ಪಟ್ಟು ಆವಿಯನ್ನು ಉಸಿರಾಡುತ್ತಲೇ ಕಾಗದದ ಮೇಲೆ ಸುರಕ್ಷಿತರಾಗಿರುತ್ತಾರೆ.

ಒಂದು ದೇಶದ ಹಾಳೆ ಸಿದ್ಧವಿಲ್ಲದಾಗ ಇನ್ನೊಂದು ದೇಶದ್ದನ್ನು ತಾತ್ಕಾಲಿಕವಾಗಿ ಕೊಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಸ್ಟೈರೀನ್ 31 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವುದು, ಕೋಬಾಲ್ಟನ್ನೂ ಎಂಇಕೆಪಿಯನ್ನೂ ನೇರವಾಗಿ ಬೆರೆಸಿದರೆ ಸ್ಫೋಟಿಸುವುದು, ಇವು ಯಾವ ದೇಶದಲ್ಲೂ ಬದಲಾಗುವುದಿಲ್ಲ. ಆದರೆ ಅದು ಬದಲಿ ಹಾಳೆ ಎಂದು ಮೊದಲ ಪುಟದಲ್ಲೇ ಹೇಳಿ, ಇಲ್ಲಿನ ಪೂರೈಕೆದಾರರ ವಿಳಾಸ, ಇಲ್ಲಿ ತಾಗುವ ತುರ್ತು ಸಂಖ್ಯೆ, ಇಲ್ಲಿನ ಮಿತಿ ಮತ್ತು ಕಾನೂನುಗಳನ್ನು ಒಂದು ಪುಟದಲ್ಲಿ ಸೇರಿಸಿ ಕೊಡಬೇಕು. ಈ ಹಾಳೆಗಳ ಬಗ್ಗೆ ಹೇಳುವ, 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಾವಳಿಯ 17ನೇ ನಿಯಮವನ್ನೂ 9ನೇ ಅನುಸೂಚಿಯನ್ನೂ ತಮ್ಮಂಥ ಸಂಸ್ಥೆಗೆ ನಾನು ಓದಿ ಹೇಳಬೇಕಾಗಿಲ್ಲ.

ಇದನ್ನೇ ವಿನಯದಿಂದ ಫೋನಿನಲ್ಲಿ ವಿವರಿಸಿದಾಗ ತಮ್ಮ ಪ್ರತಿನಿಧಿ, “ಇಂಗ್ಲಿಷಿನಲ್ಲೇ ಇದೆಯಲ್ಲ ಸರ್, ಇನ್ನೇನು ಬೇಕು?” ಎಂದರು. ಪ್ರಶ್ನೆ ಭಾಷೆಯದಲ್ಲ, ಮಿತಿಯದು ಎಂದೆ. ಒಂದು ನಿಮಿಷ ಎಂದು ಫೋನನ್ನು ಮೇಜಿನ ಮೇಲಿಟ್ಟರು. ಹೋಲ್ಡ್ ಒತ್ತಲು ಮರೆತಿದ್ದರು. “ಯಾರೋ ದೋಣಿಯವರು, ಎಸ್‌ಡಿಎಸ್ ಓದ್ತಿದ್ದಾರಂತೆ!” ಎಂದು ಅವರು ಪಕ್ಕದವರಿಗೆ ಹೇಳಿದ್ದೂ ಇಬ್ಬರೂ ನಕ್ಕದ್ದೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಮರಳಿ ಬಂದವರು, “ಸಿಸ್ಟಮ್‌ನಲ್ಲಿ ಇಂಡಿಯಾ ಇಲ್ಲದಿದ್ದರೆ ಯುಎಸ್ ತಾನಾಗಿ ಬರುತ್ತದೆ. ಆಡಿಟ್‌ಗೆ ತಾನೆ? ಫೈಲಿಗೆ ಹಾಕಿಡಿ, ಯಾರೂ ನೋಡುವುದಿಲ್ಲ” ಎಂದು ಸಮಾಧಾನ ಹೇಳಿದರು. ಬೆಂಕಿ ಬಿದ್ದರೆ ಯಾರಿಗೆ ಕರೆ ಮಾಡಲಿ ಎಂದು ಕೇಳಿದೆ. “112ಕ್ಕೆ ಮಾಡಿ ಸರ್.” ಡ್ರಮ್ಮಿನಲ್ಲಿ ಏನಿದೆ ಎಂದು ಅಗ್ನಿಶಾಮಕದವರು ಕೇಳಿದರೆ? ಅದಕ್ಕೆ ಉತ್ತರ ಬರಲಿಲ್ಲ; ಬದಲಿಗೆ ತಿಂಗಳಿಗೆ ಎಷ್ಟು ಡ್ರಮ್ ಕೊಳ್ಳುತ್ತೀರಿ ಎಂಬ ಪ್ರಶ್ನೆ ಬಂತು. ಹೇಳಿದೆ. “ಓ, ಸಣ್ಣ ಅಕೌಂಟಾ!” ಎಂದರು. ಅಪಾಯವನ್ನು ಡ್ರಮ್ಮಿನ ಲೆಕ್ಕದಲ್ಲಿ ಅಳೆಯುವ ಈ ವಿಧಾನವನ್ನು ತಮ್ಮ ತರಬೇತಿಯಲ್ಲೇ ಕಲಿಸಲಾಗುತ್ತದೆಯೇ ಎಂಬುದು ನನ್ನ ಕುತೂಹಲ.

ಮುಂದಿನ ಸರಕಿನೊಂದಿಗೆ ಮೇಲೆ ಹೇಳಿದ ಪುಟ ಬಾರದಿದ್ದರೆ ಡ್ರಮ್‌ಗಳು ಗೇಟಿನಿಂದಲೇ ತಮ್ಮ ಖರ್ಚಿನಲ್ಲಿ ಹಿಂದಿರುಗಲಿವೆ ಮತ್ತು ಬಾಕಿ ಬಿಲ್ಲಿನ ಪಾವತಿಯನ್ನು ತಡೆಹಿಡಿಯಲಾಗುವುದು. ತಮ್ಮ ಹಾಳೆ, ‘ಭಾರತದ ಆವೃತ್ತಿ’ ಎಂದು ಬರೆದ ಇಮೇಲು ಮತ್ತು ಈ ಪತ್ರದ ಪ್ರತಿಗಳು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಹೋಗುತ್ತವೆ. ಗಂಗೊಳ್ಳಿಯಿಂದ ಮಂಗಳೂರಿನವರೆಗೆ ತಮ್ಮದೇ ರೆಸಿನ್ ಬಳಸುವ ದೋಣಿ ಕಟ್ಟುವವರಿಗೂ ಒಂದೊಂದು ಪ್ರತಿ ತಲುಪಲಿದೆ. ಅವೂ ಎಲ್ಲ ಸಣ್ಣ ಅಕೌಂಟುಗಳೇ, ತಾವು ಚಿಂತಿಸಬೇಕಾಗಿಲ್ಲ.

ಇಂತಿ,
ಸುರಕ್ಷತಾ ಮೇಲ್ವಿಚಾರಕ,
ಫೈಬರ್ ದೋಣಿ ಕಾರ್ಖಾನೆ, ಮಲ್ಪೆ, ಉಡುಪಿ